ಜನಜಂಗುಳಿಯಿಂದ ದೂರದ ಹೂಬಯಲುಗಳು: ಕ್ಯಾಲಿಫೋರ್ನಿಯಾದ ವಸಂತದಲ್ಲಿ ಮೂರು ದಿನಗಳ ಕಾರು ಪ್ರಯಾಣ

ಪ್ರಶ್ನೆ: ನಾವು ಫ್ರೀಮಾಂಟ್‌ನಲ್ಲಿ ನೆಲೆಸಿ ಆರು ವರ್ಷವಾಯಿತು. ಮಾರ್ಚ್ ಕೊನೆಯ ವಾರ ಮೈಸೂರಿನಿಂದ ತಂದೆತಾಯಿ ಬರುತ್ತಿದ್ದು, ಏಪ್ರಿಲ್ ಪೂರ್ತಿ ನಮ್ಮೊಂದಿಗಿರುತ್ತಾರೆ. ತಂದೆಯವರಿಗೆ ಮಂಡಿನೋವಿರುವುದರಿಂದ ಹೆಚ್ಚು ನಡೆಯಲಾರರು. ಐದು ವರ್ಷದ ಮಗಳೂ ಜೊತೆಗಿರುತ್ತಾಳೆ. ಊಟಿಗೆ ಹೋಗುವಾಗ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳನ್ನು ಕಂಡು ತಾಯಿಯವರು ಪಟ್ಟ ಸಂತೋಷ ಈಗಲೂ ನೆನಪಿದೆ. ಇಲ್ಲಿಯೂ ಅವರಿಗೆ ಹೂಬಯಲು ತೋರಿಸುವ ಆಸೆ. ಆದರೆ ಹೆಸರಾದ ತಾಣಗಳಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆಂದು ಕೇಳಿದ್ದೇವೆ. ಮೂರು ದಿನಗಳಲ್ಲಿ ಕಾರಿನಲ್ಲಿ ನೋಡಿ ಬರಬಹುದಾದ, ಅಷ್ಟಾಗಿ ಹೆಸರಾಗದ ಜಾಗಗಳು ಯಾವುವು? ದಿನಾಂಕವನ್ನು ಈಗಲೇ ಗೊತ್ತುಮಾಡಿಕೊಳ್ಳಬಹುದೇ? ಹೂಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡರೆ ತಪ್ಪಾಗುತ್ತದೆಯೇ?

ಉತ್ತರ: ಗುಂಡ್ಲುಪೇಟೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮೂರೂ ಪ್ರಶ್ನೆಗಳ ಉತ್ತರ ಆ ಹೊಲಕ್ಕೂ ಇಲ್ಲಿನ ಹೂಬಯಲಿಗೂ ಇರುವ ವ್ಯತ್ಯಾಸದಲ್ಲಿದೆ. ಗುಂಡ್ಲುಪೇಟೆಯ ಸೂರ್ಯಕಾಂತಿ ರೈತರು ಉತ್ತು, ಬಿತ್ತು, ಗೊಬ್ಬರ ಹಾಕಿ ಬೆಳೆದ ಬೆಳೆ. ಬಿತ್ತನೆಯ ದಿನ ತಿಳಿದಿದ್ದರೆ ಹೂವಿನ ದಿನವನ್ನು ಹೆಚ್ಚುಕಡಿಮೆ ಹೇಳಿಬಿಡಬಹುದು. ಕ್ಯಾಲಿಫೋರ್ನಿಯಾದ ವಸಂತದ ಹೂಬಯಲನ್ನು ಯಾರೂ ಬಿತ್ತಿಲ್ಲ. ಅಲ್ಲಿರುವವು ಬಹುಪಾಲು ಒಂದೇ ವರ್ಷ ಬದುಕುವ ಪುಟ್ಟ ಗಿಡಗಳು. ಚಳಿಗಾಲದ ಮಳೆಗೆ ಮೊಳೆತು, ವಸಂತದಲ್ಲಿ ಹೂಬಿಟ್ಟು, ಬೇಸಿಗೆ ಬಲಿಯುವ ಮೊದಲೇ ಬೀಜ ಉದುರಿಸಿ ಒಣಗಿಹೋಗುತ್ತವೆ. ವರ್ಷದ ಉಳಿದ ಕಾಲವೆಲ್ಲ ಆ ಬಯಲು ಬದುಕಿರುವುದು ಮಣ್ಣಿನೊಳಗಿನ ಬೀಜವಾಗಿ ಮಾತ್ರ. ಆದ್ದರಿಂದ ಊರಿನ ಹೆಸರು ಹಿಡಿದು ಹೊರಟವರಿಗಿಂತ ಮಳೆ, ಮಣ್ಣು, ವಾರ ಈ ಮೂರನ್ನು ನೋಡಿಕೊಂಡು ಹೊರಟವರಿಗೆ ಹೂ ಸಿಗುತ್ತದೆ. ಈ ರಾಜ್ಯದ ಹುಲ್ಲುಗಾವಲುಗಳಲ್ಲಿ ಗಿಡಗಳನ್ನು ಗುರುತಿಸಿ ಎಣಿಸುವ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಸಂತಗಳನ್ನು ಕಳೆದ ಮೇಲೆ ನನಗೆ ಇದರಲ್ಲಿ ಸಂಶಯ ಉಳಿದಿಲ್ಲ.

ಹೆಸರಾದ ತಾಣಗಳ ಬಗ್ಗೆ ನೀವು ಕೇಳಿರುವುದು ನಿಜ. ದಕ್ಷಿಣ ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಪಟ್ಟಣದ ಪಕ್ಕದಲ್ಲಿ ವಾಕರ್ ಕ್ಯಾನ್ಯನ್ ಎಂಬ ಕಣಿವೆಯಿದೆ. 2019ರ ಮಾರ್ಚ್‌ನಲ್ಲಿ ಅಲ್ಲಿನ ಗುಡ್ಡಗಳು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಪಕ್ಕದ ಹೆದ್ದಾರಿಯ ಸಂಚಾರವೇ ಕಟ್ಟಿಕೊಳ್ಳುವಷ್ಟು ಜನ ನುಗ್ಗಿದರು. ಕಾಲುದಾರಿ ಬಿಟ್ಟು ಇಳಿಜಾರು ಹತ್ತಿದವರ ಹೆಜ್ಜೆಗಳು ಹೂವಿನ ನಡುವೆ ಬೋಳು ಗೆರೆಗಳಾಗಿ ದೂರದಿಂದಲೇ ಕಾಣುತ್ತಿದ್ದವು. 2023ರಲ್ಲಿ ಮತ್ತೆ ಹೂ ಬಂದಾಗ ಸ್ಥಳೀಯ ಆಡಳಿತವು ಫೆಬ್ರವರಿಯಲ್ಲೇ ಕಣಿವೆಗೆ ಪ್ರವೇಶ ನಿಷೇಧಿಸಿತು. ಲ್ಯಾಂಕಾಸ್ಟರ್ ಬಳಿಯ ಆಂಟಿಲೋಪ್ ವ್ಯಾಲಿ ಗಸಗಸೆ ಉದ್ಯಾನವು ಸುಮಾರು 1,800 ಎಕರೆಯ ರಕ್ಷಿತ ಪ್ರದೇಶವಾಗಿದ್ದು, ಒಳ್ಳೆಯ ಕಾಲುದಾರಿಗಳನ್ನೂ ಹೊಂದಿದೆ. ಆದರೆ ವಾರಾಂತ್ಯದಲ್ಲಿ ಅಲ್ಲಿಯೂ ಜನಸಂದಣಿ. ಮೇಲಾಗಿ ನಿಮ್ಮಲ್ಲಿಂದ ಬಹಳ ದೂರ. ಈ ಎರಡನ್ನೂ ಬಿಟ್ಟರೆ ನಿಮಗೆ ನಷ್ಟವೇನೂ ಇಲ್ಲ. ಅಲ್ಲಿ ಕಾಣುವುದು ಮುಖ್ಯವಾಗಿ ಒಂದೇ ಹೂವಿನ ಸಮುದ್ರ; ನಾನು ಮುಂದೆ ಹೇಳಲಿರುವ ಜಾಗಗಳಲ್ಲಿ ನಿಂತಲ್ಲೇ ಏಳೆಂಟು ಬಗೆಯ ಹೂಗಳನ್ನು ಎಣಿಸಬಹುದು.

ಆ ಗಸಗಸೆಯ ಬಗ್ಗೆ ತಾಯಿಯವರು ಕೇಳಿಯೇ ಕೇಳುತ್ತಾರೆಂದು ಇಲ್ಲೇ ಹೇಳಿಬಿಡುತ್ತೇನೆ. ಇದು ನಮ್ಮ ಪಾಯಸದ ಗಸಗಸೆಯಲ್ಲ, ಅದೇ ಕುಟುಂಬಕ್ಕೆ ಸೇರಿದ ಬೇರೊಂದು ಗಿಡ. 1816ರಲ್ಲಿ ರೂರಿಕ್ ಎಂಬ ರಷ್ಯನ್ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ ಶಮಿಸೊ ಎಂಬ ಸಸ್ಯತಜ್ಞರು ಇದನ್ನು ಸಂಗ್ರಹಿಸಿ, ಹಡಗಿನ ವೈದ್ಯರಾಗಿದ್ದ ಗೆಳೆಯ ಎಶ್‌ಶೋಲ್ಟ್ಸ್ ಅವರ ಹೆಸರನ್ನು ಗಿಡಕ್ಕೆ ಇಟ್ಟರು. 1903ರಲ್ಲಿ ಇದು ರಾಜ್ಯದ ಹೂವಾಯಿತು. ಇದರ ಮೊಗ್ಗಿನ ಮೇಲೆ ಹಸಿರು ಕುಲಾವಿಯಂಥ ಮುಸುಕಿರುತ್ತದೆ. ಹೂ ಅರಳುವಾಗ ಅದು ಹಾಗೆಯೇ ಕಳಚಿ ಬೀಳುತ್ತದೆ. ನಿಮ್ಮ ಮಗಳಿಗೆ ಇದನ್ನು ತೋರಿಸಿ. ರಾತ್ರಿ, ಮೋಡ ಕವಿದಾಗ, ಚಳಿಗಾಳಿ ಬೀಸುವಾಗ ಎಸಳುಗಳು ಮಡಚಿಕೊಳ್ಳುತ್ತವೆ. ಬೆಳಿಗ್ಗೆ ಏಳಕ್ಕೆ ತಲುಪಿ ಹೂವೇ ಇಲ್ಲವೆಂದು ಹಿಂತಿರುಗಿದವರನ್ನು ನಾನು ಬಲ್ಲೆ. ಹತ್ತು ಗಂಟೆಯ ಬಿಸಿಲು ಬೀಳುವವರೆಗೆ ಕಾದಿದ್ದರೆ ಅದೇ ಇಳಿಜಾರು ಬಣ್ಣ ತಾಳುತ್ತಿತ್ತು.

ಈಗ ದಿನಾಂಕದ ಪ್ರಶ್ನೆ. ದಯವಿಟ್ಟು ಈಗಲೇ ಗೊತ್ತುಮಾಡಬೇಡಿ. ಇಲ್ಲಿ ಮಳೆ ಬೀಳುವುದು ಮುಖ್ಯವಾಗಿ ಅಕ್ಟೋಬರ್ ಮತ್ತು ಏಪ್ರಿಲ್ ನಡುವೆ. ಮೊದಲ ಹದಮಳೆ ಬೀಜಗಳನ್ನು ಎಬ್ಬಿಸುತ್ತದೆ. ಒಣನಾಡಿನ ಹೂಗಿಡಗಳ ಬೀಜಗಳು ತೆಳು ಸೋನೆಗೆ ಎಚ್ಚರಗೊಳ್ಳುವುದಿಲ್ಲ. ಮಣ್ಣು ಚೆನ್ನಾಗಿ ನೆನೆಯುವಂಥ ಮಳೆಯೇ ಬೇಕು. ಆಮೇಲೆ ಚಳಿಗಾಲದುದ್ದಕ್ಕೂ ಅಷ್ಟಷ್ಟು ದಿನಕ್ಕೆ ಮಳೆ ಬರುತ್ತಿರಬೇಕು. ಫೆಬ್ರವರಿ, ಮಾರ್ಚ್‌ಗಳಲ್ಲಿ ಅಕಾಲದ ಸೆಕೆ ಬರಬಾರದು. ಇಷ್ಟಾದರೂ ಸಾಲದು. ಎರಡು ಶತಮಾನಗಳ ಹಿಂದೆ ಸ್ಪ್ಯಾನಿಷರ ದನಕುರಿಗಳೊಂದಿಗೆ ಮೆಡಿಟರೇನಿಯನ್ ತೀರದ ಹುಲ್ಲುಗಳು ಇಲ್ಲಿಗೆ ಬಂದು ಹಬ್ಬಿವೆ. ಮಳೆ ತುಸು ಹೆಚ್ಚೇ ಆಗಿ ಆ ಹುಲ್ಲು ಮೊಣಕಾಲೆತ್ತರ ಬೆಳೆದರೆ ಬೆರಳುದ್ದದ ಹೂಗಿಡಗಳು ಅದರಡಿ ಉಸಿರುಗಟ್ಟಿ ಹೋಗುತ್ತವೆ. ಹುಲ್ಲಿನ ಬೀಜ ಮಣ್ಣಿನಲ್ಲಿ ಹೆಚ್ಚು ವರ್ಷ ಬಾಳುವುದಿಲ್ಲ, ಹೂಗಿಡಗಳ ಬೀಜ ಬಾಳುತ್ತದೆ. ಆದ್ದರಿಂದಲೇ ಬರಗಾಲದ ವರ್ಷಗಳ ಬೆನ್ನಿಗೆ ಬಂದ ಒಳ್ಳೆಯ ಮಳೆಗೆ ಹೂ ಮೈತುಂಬಿ ಬರುವುದು. 2017 ಮತ್ತು 2023ರಲ್ಲಿ ನಡೆದದ್ದು ಇದೇ.

ಹಾಗೆಂದು ನೀವು ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಏಪ್ರಿಲ್ ಮೊದಲ ಎರಡು ವಾರಗಳನ್ನು ಬಿಡುವಾಗಿಟ್ಟುಕೊಳ್ಳಿ. ಆಗ ಒಂದು ಜಾಗದಲ್ಲಿ ಹೂ ಮುಗಿದಿದ್ದರೂ ಇನ್ನೊಂದರಲ್ಲಿ ಇರುತ್ತದೆ. ಹೂವು ತಗ್ಗಿನಿಂದ ಎತ್ತರಕ್ಕೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಿಂದ ಉತ್ತರದ ಇಳಿಜಾರಿಗೆ ಸರಿಯುತ್ತಾ ಹೋಗುತ್ತದೆ. ಹೊರಡುವ ವಾರಕ್ಕೆ ಮುಂಚೆ ಎರಡು ಕಡೆ ವಿಚಾರಿಸಿ. ಥಿಯೊಡೋರ್ ಪೇನ್ ಪ್ರತಿಷ್ಠಾನವು 1983ರಿಂದ ಪ್ರತಿ ವಸಂತದಲ್ಲಿ ಮಾರ್ಚ್‌ನಿಂದ ಶುಕ್ರವಾರಕ್ಕೊಮ್ಮೆ ಕಾಡುಹೂಗಳ ವರದಿಯನ್ನು ಕೊಡುತ್ತಾ ಬಂದಿದೆ. ಅದು ದಕ್ಷಿಣ ಮತ್ತು ಮಧ್ಯ ಕ್ಯಾಲಿಫೋರ್ನಿಯಾಕ್ಕೆ ನಂಬಲರ್ಹ. ಎರಡನೆಯದು ಐನ್ಯಾಚುರಲಿಸ್ಟ್ ಆ್ಯಪ್. ಅದರಲ್ಲಿ ನೀವು ಹೋಗಬೇಕೆಂದಿರುವ ಜಾಗವನ್ನು ನಕ್ಷೆಯಲ್ಲಿ ತೆರೆದು, ಕಳೆದ ಏಳು ದಿನಗಳಲ್ಲಿ ಜನರು ದಾಖಲಿಸಿದ ಹೂಗಳನ್ನಷ್ಟೇ ನೋಡಿ. ಸಾಮಾಜಿಕ ಜಾಲತಾಣಗಳ ಚಿತ್ರಗಳನ್ನು ಮಾತ್ರ ನಂಬಬೇಡಿ. ಎಷ್ಟೋ ವರ್ಷ ಹಿಂದಿನ ಚಿತ್ರಗಳು ಪ್ರತಿ ಮಾರ್ಚ್‌ನಲ್ಲಿ ಮತ್ತೆ ಸುತ್ತಾಡತೊಡಗುತ್ತವೆ. ಇನ್ನೊಂದು ಎಚ್ಚರಿಕೆ: ನಿಮ್ಮ ಊರಿನ ಸುತ್ತಲಿನ ಗುಡ್ಡಗಳನ್ನು ವಸಂತದಲ್ಲಿ ಹಳದಿಯಾಗಿಸುವುದು ಬಹುಪಾಲು ಕಾಡುಸಾಸಿವೆ. ಅದು ನಮ್ಮ ಒಗ್ಗರಣೆಯ ಸಾಸಿವೆಯ ಹತ್ತಿರದ ಬಂಧು, ಹೊರನಾಡಿನಿಂದ ಬಂದು ಇಲ್ಲಿನ ಹೂಗಿಡಗಳನ್ನು ಒತ್ತರಿಸುತ್ತಿರುವ ಕಳೆ. ನೋಡಲು ಚೆಂದವೆಂಬುದನ್ನು ಅಲ್ಲಗಳೆಯುವುದಿಲ್ಲ, ಆದರೆ ಅದಕ್ಕಾಗಿ ಮೂರು ದಿನ ವ್ಯಯಿಸಬೇಕಾಗಿಲ್ಲ.

ಮೊದಲ ದಿನ ಹೆದ್ದಾರಿ 101ರಲ್ಲಿ ನೇರವಾಗಿ ದಕ್ಷಿಣಕ್ಕೆ ಓಡಿದರೆ ಮೂರು ಗಂಟೆಗಳಲ್ಲಿ ಪಾಸೊ ರೋಬ್ಲೆಸ್ ತಲುಪುತ್ತೀರಿ. ನನ್ನ ಸಲಹೆಯೆಂದರೆ ಹಾಲಿಸ್ಟರ್‌ನಲ್ಲಿ ತಿರುಗಿ ರಾಜ್ಯ ಹೆದ್ದಾರಿ 25ನ್ನು ಹಿಡಿಯಿರಿ. ಗಂಟೆಗೂ ಹೆಚ್ಚು ತಡವಾಗುತ್ತದೆ, ಆದರೆ ಅದು ವಾಹನ ವಿರಳವಾದ, ದನಗಾವಲುಗಳ ನಡುವೆ ಸಾಗುವ ಎರಡು ಪಥದ ರಸ್ತೆ. ಬೇಲಿಯಾಚೆಯ ಇಳಿಜಾರುಗಳಲ್ಲಿ ಗಸಗಸೆ, ಚಿನ್ನದ ಬಣ್ಣದ ಗೋಲ್ಡ್‌ಫೀಲ್ಡ್ಸ್, ಪಿಟೀಲಿನ ತಲೆಯಂತೆ ಸುರುಳಿ ಸುತ್ತಿದ ಫಿಡಲ್‌ನೆಕ್ ಹೂಗಳು ಕಾರಿನೊಳಗಿನಿಂದಲೇ ಕಾಣುತ್ತವೆ. ನಡುವೆ ಪಿನ್ನಕಲ್ಸ್ ರಾಷ್ಟ್ರೀಯ ಉದ್ಯಾನದ ಪೂರ್ವ ದ್ವಾರವಿದ್ದು, ಊಟಕ್ಕೆ ನಿಲ್ಲಲು, ಶೌಚಾಲಯಕ್ಕೆ ಅನುಕೂಲ. ಸುಮಾರು 400 ಜಾತಿಯ ಜೇನು ಹುಳುಗಳು ದಾಖಲಾಗಿರುವ ಜಾಗವದು. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ಬಗೆ ಇರುವುದು ಅಪರೂಪ, ಅದಕ್ಕೆ ಕಾರಣ ಇಲ್ಲಿನ ಹೂಗಳ ವೈವಿಧ್ಯವೇ. 25 ಮುಗಿದಲ್ಲಿ 198ನ್ನು ಹಿಡಿದು ಪಶ್ಚಿಮಕ್ಕೆ ಬಂದರೆ ಮತ್ತೆ 101 ಸಿಗುತ್ತದೆ. ರಾತ್ರಿ ಪಾಸೊ ರೋಬ್ಲೆಸ್‌ನಲ್ಲೋ ಆಟಸ್ಕಡೆರೊದಲ್ಲೋ ತಂಗಿ, ಪೆಟ್ರೋಲ್ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದಿನ ದಿನದ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ.

ಎರಡನೆಯ ದಿನವೇ ಈ ಪ್ರಯಾಣದ ತಿರುಳು. ಸಾಂಟಾ ಮಾರ್ಗರಿಟಾ ಎಂಬ ಪುಟ್ಟ ಊರಿನಿಂದ ಹೆದ್ದಾರಿ 58ರಲ್ಲಿ ಪೂರ್ವಕ್ಕೆ ಹೊರಟರೆ, ಓಕ್ ಮರಗಳ ಗುಡ್ಡಗಳನ್ನು ದಾಟಿದ ಮೇಲೆ ಎಡಕ್ಕೆ ಶೆಲ್ ಕ್ರೀಕ್ ರಸ್ತೆ ಸಿಗುತ್ತದೆ. ನಾನು ಕಂಡ ಹೂಬಯಲುಗಳಲ್ಲಿ ನಿಮ್ಮ ತಂದೆಯವರಿಗೆ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ನೆಲ ಸಮತಟ್ಟು; ಮರಳು ತೊರೆಯ ಪಕ್ಕದಲ್ಲಿ ರಸ್ತೆ; ರಸ್ತೆಯ ಅಂಚಿನಿಂದಲೇ ಹೂ ಶುರುವಾಗಿ ದೂರದ ಓಕ್ ಮರಗಳ ಬುಡದವರೆಗೆ ಹಾಸಿಕೊಂಡಿರುತ್ತದೆ. ಮಡಚುವ ಕುರ್ಚಿಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ. ಅವರು ಕಾರಿನ ಪಕ್ಕದಲ್ಲಿ ಕುಳಿತೇ ಎಲ್ಲವನ್ನೂ ನೋಡಬಹುದು. ಹಳದಿ ಎಸಳಿನ ತುದಿಗೆ ಯಾರೋ ಸುಣ್ಣ ಸವರಿದಂತೆ ಬಿಳಿ ಅಂಚಿರುವುದು ಟೈಡಿಟಿಪ್ಸ್. ನೆಲಕ್ಕೆ ಹತ್ತಿಕೊಂಡು, ಬಾನಿನ ತುಣುಕಿನಂತೆ ತಿಳಿನೀಲಿಯಾಗಿ, ನಡುವೆ ಬೆಳ್ಳಗಿರುವುದು ಬೇಬಿ ಬ್ಲೂ ಐಸ್. ನೇರಳೆಗೆಂಪಿನ ಕುಂಚಗಳಂತೆ ನಿಂತಿರುವುದು ಔಲ್ಸ್ ಕ್ಲೋವರ್. ನೋಡಲು ಸಾಧುವಾದ ಈ ಗಿಡ ಮಣ್ಣಿನೊಳಗೆ ನೆರೆಯ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ ಅವುಗಳಿಂದ ಆಹಾರ ಹೀರುತ್ತದೆ. ನೀಲಿ ಗೊಂಚಲುಗಳು ಲೂಪಿನ್. ಇದು ನಮ್ಮ ಹೆಸರು, ಅಲಸಂದೆಗಳ ಕುಟುಂಬದ್ದು, ಅವುಗಳಂತೆಯೇ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಲೂಪಿನ್ ಹೂವಿನ ಮೇಲಿನ ಎಸಳನ್ನು ಮಗಳಿಗೆ ಹತ್ತಿರದಿಂದ ತೋರಿಸಿ. ಕೆಲವು ಹೂಗಳಲ್ಲಿ ಅಲ್ಲಿ ಬಿಳಿ ಮಚ್ಚೆಯಿರುತ್ತದೆ, ಕೆಲವುಗಳಲ್ಲಿ ಅದು ಕೆನ್ನೇರಳೆಗೆ ತಿರುಗಿರುತ್ತದೆ. ಬಣ್ಣ ತಿರುಗಿದ ಹೂವಿನಲ್ಲಿ ಇನ್ನು ಸಿಗುವುದು ಕಡಿಮೆಯೆಂದು ಜೇನುಹುಳು ಕಲಿತುಕೊಂಡು ಬಿಳಿ ಮಚ್ಚೆಯ ಹೂವಿಗೆ ಹಾರುತ್ತದೆ. ಹತ್ತು ನಿಮಿಷ ಒಂದೇ ಗೊಂಚಲನ್ನು ನೋಡುತ್ತಾ ಕುಳಿತರೆ ಇದು ಕಣ್ಣೆದುರೇ ನಡೆಯುತ್ತದೆ.

ಈ ಜಾಗ ಖಾಸಗಿ ರ‍್ಯಾಂಚಿನದು. ಮಾಲೀಕರು ಬಹುಕಾಲದಿಂದ ಜನರಿಗೆ ನೋಡಲು ಬಿಟ್ಟುಕೊಟ್ಟಿದ್ದಾರೆ. ಅದು ಅವರ ಔದಾರ್ಯವೇ ಹೊರತು ನಮ್ಮ ಹಕ್ಕಲ್ಲ. ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಬಿಸಿಯಾದ ಸೈಲೆನ್ಸರಿನಿಂದ ಬೆಂಕಿ ಹತ್ತುವ ಅಪಾಯವಿದೆ. ಗೇಟುಗಳು ಹೇಗಿವೆಯೋ ಹಾಗೆಯೇ ಬಿಡಿ. ತಿಂಡಿಯ ಪೊಟ್ಟಣದ ಒಂದು ಚೂರೂ ಅಲ್ಲಿ ಉಳಿಯದಿರಲಿ.

ಮತ್ತೆ 58ಕ್ಕೆ ಬಂದು ಪೂರ್ವಕ್ಕೆ ಮುಂದುವರಿದು, ಸೋಡಾ ಲೇಕ್ ರಸ್ತೆಗೆ ತಿರುಗಿದರೆ ಕರೀಝೊ ಬಯಲು ತೆರೆದುಕೊಳ್ಳುತ್ತದೆ. 2001ರ ಜನವರಿಯಲ್ಲಿ ‘ರಾಷ್ಟ್ರೀಯ ಸ್ಮಾರಕ’ವೆಂಬ ರಕ್ಷಿತ ಪ್ರದೇಶವಾಗಿ ಘೋಷಿತವಾದ ಇದು ಎರಡು ಲಕ್ಷ ಎಕರೆಗೂ ಮಿಕ್ಕಿದ, ಸುಮಾರು 50 ಮೈಲಿ ಉದ್ದದ ಬಯಲು. ವರ್ಷಕ್ಕೆ ಬೀಳುವ ಮಳೆ 200ರಿಂದ 250 ಮಿಲಿಮೀಟರ್, ಅಂದರೆ ನಮ್ಮ ಚಳ್ಳಕೆರೆಗೆ ಬೀಳುವುದರ ಸುಮಾರು ಅರ್ಧ. ಒಂದು ಕಾಲಕ್ಕೆ ಪಕ್ಕದ ಸ್ಯಾನ್ ವಾಕೀನ್ ಕಣಿವೆಯೆಲ್ಲವೂ ಹೀಗೆಯೇ ಇತ್ತು. ನಿಸರ್ಗಪ್ರೇಮಿ ಜಾನ್ ಮ್ಯೂರ್ 1868ರ ವಸಂತದಲ್ಲಿ ಪಚೇಕೊ ಕಣಿವೆದಾರಿಯನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದಾಗ ಅವರೆದುರು ಹರಡಿದ್ದು ಹೂವಿನ ನೆಲ; ಇಂದು ಅಲ್ಲಿ ಬಾದಾಮಿ ತೋಟಗಳೂ, ಟೊಮೆಟೊ, ಹತ್ತಿ ಹೊಲಗಳೂ ಇವೆ. ಕರೀಝೊ ಎತ್ತರದಲ್ಲಿದ್ದು, ನೀರಿಲ್ಲದ ಕಾರಣ ನೀರಾವರಿಯ ಕೈಗೆ ಸಿಗಲಿಲ್ಲ. ಒಣಭೂಮಿ ಗೋಧಿ ಬೆಳೆದವರು ಕೈಬಿಟ್ಟು ಹೋದರು. ಆ ಬಡತನವೇ ಅದನ್ನು ಉಳಿಸಿತು.

ಬಯಲಿನ ಉತ್ತರ ಭಾಗದಲ್ಲಿ ಸೋಡಾ ಲೇಕ್ ಇದೆ. ಅದಕ್ಕೆ ಹೊರಹರಿವಿಲ್ಲ, ಸುತ್ತಲಿನ ಗುಡ್ಡಗಳಿಂದ ಇಳಿದ ನೀರು ಅಲ್ಲೇ ನಿಂತು, ಆವಿಯಾಗಿ, ಬಿಳಿಯ ಉಪ್ಪಿನ ಪದರ ಬಿಟ್ಟುಹೋಗುತ್ತದೆ. ಒಳ್ಳೆಯ ವರ್ಷದಲ್ಲಿ ಆ ಬಿಳುಪಿನ ಅಂಚಿಗೆ ಗೋಲ್ಡ್‌ಫೀಲ್ಡ್ಸ್ ಹಳದಿಯ ದಪ್ಪ ಗೆರೆ ಎಳೆದಿರುತ್ತದೆ. ದಂಡೆಯ ಬಳಿ ಹಲಗೆ ಹಾಸಿದ ಸಮತಟ್ಟಾದ ಕಾಲುದಾರಿಯಿದೆ, ತಂದೆಯವರು ನಿಧಾನವಾಗಿ ನಡೆಯಬಹುದು. ಎದುರಿನ ದಿಬ್ಬದ ಮೇಲಿನ ವೀಕ್ಷಣಾ ಜಾಗಕ್ಕೆ ತುಸು ಏರಬೇಕು, ಅದನ್ನು ಉಳಿದವರು ನೋಡಿ ಬರಲಿ. ಪೂರ್ವಕ್ಕೆ ಕಾಣುವ ಟೆಂಬ್ಲರ್ ಗುಡ್ಡಸಾಲೇ ಈ ಬಯಲಿನ ವೈಭವ. ಮರವೇ ಇಲ್ಲದ ಆ ಮಡಿಕೆ ಮಡಿಕೆ ಇಳಿಜಾರುಗಳಲ್ಲಿ ಹಳದಿ ಡೈಸಿ ಒಂದು ಕಡೆ, ನೇರಳೆ ಫಸೀಲಿಯಾ ಇನ್ನೊಂದು ಕಡೆ, ಮಣ್ಣಿನ ಬಗೆಗೆ ತಕ್ಕಂತೆ ಪಾಲು ಮಾಡಿಕೊಂಡು ಅರಳುತ್ತವೆ. ಅದನ್ನು ಹತ್ತಿರ ಹೋಗಿ ನೋಡುವುದಕ್ಕಿಂತ ಬಯಲಿನ ನಡುವೆ ನಿಂತು, ಮಧ್ಯಾಹ್ನ ಮೂರರ ನಂತರದ ಓರೆ ಬೆಳಕಿನಲ್ಲಿ ನೋಡುವುದೇ ಚೆನ್ನ. ಆಗ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಗುಡ್ಡದ ಒಂದೊಂದು ಮಡಿಕೆಯೂ ಬೇರೆಯಾಗಿ ಕಾಣುತ್ತದೆ. ನೋಡಲು ಬೇಕಾದುದು ದೂರದರ್ಶಕ, ಗಟ್ಟಿ ಕಾಲುಗಳಲ್ಲ.

ಇದೇ ಗುಡ್ಡಗಳ ಬುಡದಲ್ಲಿ ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಹಾದುಹೋಗುತ್ತದೆ. ವಾಲೆಸ್ ಕ್ರೀಕ್ ಎಂಬ ಒಣತೊರೆ ಬಿರುಕನ್ನು ಸಂಧಿಸಿದಲ್ಲಿ ಸರಕ್ಕನೆ ಬದಿಗೆ ತಿರುಗಿ, ಸುಮಾರು 130 ಮೀಟರ್ ಸರಿದು, ಮತ್ತೆ ನೇರವಾಗುತ್ತದೆ. ಸಾವಿರಾರು ವರ್ಷಗಳ ಭೂಕಂಪಗಳು ತೊರೆಯನ್ನು ಹಾಗೆ ಎಳೆದಿವೆ. 1857ರ ಒಂದೇ ಭೂಕಂಪದಲ್ಲಿ ನೆಲ ಅಲ್ಲಿ ಹಲವು ಮೀಟರ್ ಜಾರಿತು. ಹೂವಿಗೆ ನೇರ ಸಂಬಂಧವಿಲ್ಲದಿದ್ದರೂ ಅಷ್ಟು ದೂರ ಹೋದವರು ಇದನ್ನು ಬಿಟ್ಟು ಬರಬಾರದು. ಪೇಂಟೆಡ್ ರಾಕ್ ಎಂಬ ಬಂಡೆ ಚುಮಾಷ್ ಮೊದಲಾದ ಮೂಲನಿವಾಸಿಗಳ ಪವಿತ್ರ ಸ್ಥಳ. ವಸಂತದಲ್ಲಿ ಮುಂಗಡವಾಗಿ ಕಾಯ್ದಿರಿಸಿದವರನ್ನು ಮಾತ್ರ ಮಾರ್ಗದರ್ಶಕರೊಂದಿಗೆ ಬಿಡುತ್ತಾರೆ, ನಡಿಗೆಯೂ ಇರುವುದರಿಂದ ಈ ಬಾರಿ ಅದು ಬೇಡ.

ಕರೀಝೊ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕಾದ ಮಾತೊಂದಿದೆ. ಅಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ, ಬಹುಕಡೆ ಮೊಬೈಲ್ ಸಿಗ್ನಲ್ ಇಲ್ಲ. ಸೋಡಾ ಲೇಕ್ ರಸ್ತೆಯ ಎರಡು ತುದಿಗಳಲ್ಲಿ ಡಾಂಬರಿದ್ದು, ನಡುವಿನ ಭಾಗ ಮಣ್ಣು. ಒಣಗಿದ್ದಾಗ ಸಾಮಾನ್ಯ ಕಾರು ನಿಧಾನವಾಗಿ ಹೋಗುತ್ತದೆ. ಮಳೆ ಬಿದ್ದ ಮೇಲೆ ಆ ಜೇಡಿ ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಅನುಭವಿ ಚಾಲಕರೂ ಸಿಕ್ಕಿಬೀಳುತ್ತಾರೆ. ನಾನೇ ಒಮ್ಮೆ ಒಂದು ಸಣ್ಣ ಮಳೆಯನ್ನು ಲೆಕ್ಕಿಸದೆ ಅಡ್ಡದಾರಿಗಿಳಿದು ನಾಲ್ಕು ಗಂಟೆ ಕಾದಿದ್ದೇನೆ. ಹಿಂದಿನ ಎರಡು ದಿನಗಳಲ್ಲಿ ಮಳೆಯಾಗಿದ್ದರೆ ಡಾಂಬರು ಬಿಟ್ಟು ಇಳಿಯಬೇಡಿ. ತಲೆಗೆ ನಾಲ್ಕು ಲೀಟರಿನಂತೆ ನೀರು, ಬುತ್ತಿ, ಮೊಸರನ್ನ, ತಂದೆಯವರ ಔಷಧ, ಫೋನಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ ಜೊತೆಗಿರಲಿ.

ಸಂಜೆಗೆ ಬಂದ ದಾರಿಯಲ್ಲೇ ಹಿಂದಿರುಗಬೇಕಿಲ್ಲ. 58ರಲ್ಲಿ ಪೂರ್ವಕ್ಕೆ ಟೆಂಬ್ಲರ್ ಸಾಲನ್ನು ದಾಟಿ ಮೆಕಿಟ್ರಿಕ್ ಮೂಲಕ ಬಟನ್‌ವಿಲ್ಲೊ ತಲುಪಿದರೆ ತಂಗಲು ಮೋಟೆಲುಗಳಿವೆ. ಘಾಟಿಯ ತಿರುವುಗಳು ಬಿಗಿಯಾಗಿರುವುದರಿಂದ ಕತ್ತಲಾಗುವ ಮೊದಲೇ ದಾಟಿಕೊಳ್ಳಿ. ಮೂರನೆಯ ದಿನ ಐ-5 ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದು, 152ರಲ್ಲಿ ಪಚೇಕೊ ಕಣಿವೆದಾರಿಯನ್ನು ಏರಿ, ಗಿಲ್‌ರಾಯ್ ಮೂಲಕ ಮನೆಗೆ. ಐ-5ರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಮೂರು ದಿನ ಸತತವಾಗಿ ಕಾರಿನಲ್ಲಿ ಕೂರುವುದು ತಂದೆಯವರಿಗೆ ಕಷ್ಟವಾದರೆ, ಅದರ ಬದಲಿಗೆ ಮನೆಯಿಂದಲೇ ಹೋಗಿಬರುವ ಎರಡು ದಿನಗಳನ್ನು ಸೂಚಿಸುತ್ತೇನೆ. ಒಂದು, ಏಪ್ರಿಲ್ ಮಧ್ಯದಲ್ಲಿ ಲಿವರ್‌ಮೋರ್‌ನಿಂದ ಹೊರಡುವ ಮೈನ್ಸ್ ರಸ್ತೆ. ಹಿರಿಯರಿಗೆ ಅಲ್ಲಿನ ಶಿವ-ವಿಷ್ಣು ದೇವಸ್ಥಾನದ ದರ್ಶನ ಮಾಡಿಸಿ, ಅಲ್ಲಿಂದ ದಕ್ಷಿಣಕ್ಕೆ ಇಕ್ಕಟ್ಟಾದ ಗುಡ್ಡದ ದಾರಿಯಲ್ಲಿ ಸಾಗಿದರೆ ಸ್ಯಾನ್ ಆಂಟೋನಿಯೊ ಕಣಿವೆ ಸಿಗುತ್ತದೆ. ಎರಡೂ ಬದಿ ಖಾಸಗಿ ಜಮೀನು, ಹೂ ನೋಡುವುದೇನಿದ್ದರೂ ರಸ್ತೆಯಿಂದಲೇ. ಆದರೆ ಲೂಪಿನ್‌ನ ನೀಲಿ, ಗೋಲ್ಡ್‌ಫೀಲ್ಡ್ಸ್‌ನ ಹಳದಿ ಬೇಲಿಯವರೆಗೂ ಬಂದು ನಿಂತಿರುತ್ತವೆ. ಹ್ಯಾಮಿಲ್ಟನ್ ಬೆಟ್ಟದ ಲಿಕ್ ವೀಕ್ಷಣಾಲಯವನ್ನು ಹಾದು ಸ್ಯಾನ್ ಹೋಸೆಗೆ ಇಳಿಯಬಹುದು. ತಿರುವುಗಳು ನೂರಾರು, ವಾಂತಿಯಾಗುವ ಸ್ವಭಾವವಿದ್ದವರಿಗೆ ಬಂದ ದಾರಿಯೇ ಲೇಸು.

ಇನ್ನೊಂದು ಡಿಕ್ಸನ್ ಊರಿನ ದಕ್ಷಿಣಕ್ಕಿರುವ ಜೆಪ್ಸನ್ ಪ್ರೇರಿ. ದೂರದಿಂದ ನೋಡಿದರೆ ಅದು ಏನೂ ಇಲ್ಲದ ಬಯಲು. ಮೇಲ್ಮಣ್ಣಿನ ಕೆಳಗೆ ನೀರಿಳಿಯದ ಗಟ್ಟಿ ಪದರವಿರುವುದರಿಂದ ಚಳಿಗಾಲದ ಮಳೆ ತಗ್ಗುಗಳಲ್ಲಿ ನಿಂತು ಹೊಂಡಗಳಾಗುತ್ತದೆ. ಬಿಸಿಲೇರಿ ನೀರು ಅಂಚಿನಿಂದ ಹಿಂದೆ ಸರಿದಂತೆ, ಸರಿದ ಜಾಗದಲ್ಲಿ ಒಂದೊಂದು ಜಾತಿಯ ಹೂ ಒಂದೊಂದು ಉಂಗುರವಾಗಿ ಅರಳುತ್ತದೆ; ಹೊರಗೆ ಹಳದಿ, ಒಳಗೆ ಬಿಳಿ, ನೀರಿನ ಬಾಯಿಗೆ ನೀಲಿ ಡೌನಿಂಜಿಯಾ. ಮೈಸೂರಿನವರಾದ ನಿಮಗೆ ಕರಾವಳಿಯ ಮುರಕಲ್ಲಿನ ಪದವುಗಳ ಪರಿಚಯವಿದ್ದರೆ ಇದು ಕೂಡಲೇ ಅರ್ಥವಾದೀತು. ಅಲ್ಲಿಯೂ ಮುಂಗಾರಿನಲ್ಲಿ ಬಂಡೆಯ ಮೇಲೆ ನಿಂತ ತೆಳುನೀರಿನಲ್ಲಿ ನೀಲಿ ಬಿಳಿ ಹೂಗಳು ಹಾಸಿಕೊಂಡು, ನೀರು ಆರಿದೊಡನೆ ಮಾಯವಾಗುತ್ತವೆ. ಖಂಡ ಬೇರೆ, ಗಿಡಗಳು ಬೇರೆ, ಬದುಕುವ ಉಪಾಯ ಒಂದೇ. ಈ ಎರಡೂ ಕಡೆಯ ನೆಲವನ್ನು ‘ಪಾಳು’ ಎಂದು ಕರೆದು ಅಗೆದು ಹಾಕುತ್ತಿರುವುದು ನನ್ನನ್ನು ಬಹಳ ಕಾಡುವ ಸಂಗತಿ. ಜೆಪ್ಸನ್‌ನಲ್ಲಿ ಗುರುತು ಮಾಡಿದ ಸಮತಟ್ಟಾದ ಕಾಲುದಾರಿಯಿದೆ, ವಸಂತದ ವಾರಾಂತ್ಯಗಳಲ್ಲಿ ಸ್ವಯಂಸೇವಕರು ಹೊಂಡದೊಳಗಿನ ಪುಟ್ಟ ಸಿಗಡಿಗಳನ್ನು ಮಕ್ಕಳಿಗೆ ತೋರಿಸುತ್ತಾರೆ.

ಫೋಟೊ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಹೂವಿನೊಳಗೆ ಕಾಲಿಡಬೇಡಿ. ಗುಂಡ್ಲುಪೇಟೆಯಲ್ಲಿ ಹೊಲದ ಬದುವಿನಲ್ಲಿ ನಿಂತು, ರೈತರ ಒಪ್ಪಿಗೆ ಪಡೆದು ಚಿತ್ರ ತೆಗೆದರೆ ನಷ್ಟವಾದದ್ದೇನಿದ್ದರೂ ಅವರಿಗೆ ಗೊತ್ತಾಗುತ್ತದೆ, ಮುಂದಿನ ವರ್ಷ ಅವರು ಮತ್ತೆ ಬಿತ್ತುತ್ತಾರೆ. ಇಲ್ಲಿ ತುಳಿತಕ್ಕೆ ಮುರಿದ ಗಿಡ ಆ ವರ್ಷ ಬೀಜ ಕಟ್ಟುವುದಿಲ್ಲ. ಒಬ್ಬರ ಹೆಜ್ಜೆಯನ್ನು ನೋಡಿ ಇನ್ನೊಬ್ಬರು ಹಿಂಬಾಲಿಸಿ, ಒಂದು ವಾರದಲ್ಲಿ ಅದು ದಾರಿಯಾಗಿ, ಮಣ್ಣು ಗಟ್ಟಿಯಾಗಿ, ಮುಂದಿನ ಮಳೆಗೆ ಅಲ್ಲಿ ಮೊದಲು ಹುಟ್ಟುವುದು ಕಳೆ. ಕರೀಝೊದಲ್ಲಿ ಇನ್ನೊಂದು ಕಾರಣವೂ ಇದೆ. ಅಳಿವಿನಂಚಿನಲ್ಲಿರುವ ದೈತ್ಯ ಕಾಂಗರೂ ಇಲಿಯ ಬಿಲಗಳು ನೆಲದಡಿ ಎಲ್ಲೆಲ್ಲೂ ಇವೆ, ಕಾಲಿಟ್ಟರೆ ಕುಸಿಯುತ್ತವೆ. ಸಾರ್ವಜನಿಕ ಜಾಗದಲ್ಲಾಗಲಿ ಇನ್ನೊಬ್ಬರ ಜಮೀನಿನಲ್ಲಾಗಲಿ ಅನುಮತಿಯಿಲ್ಲದೆ ಗಿಡ ಕೀಳುವುದು ಈ ರಾಜ್ಯದ ದಂಡಸಂಹಿತೆಯಂತೆ ಅಪರಾಧ. ತಾಯಿಯವರಿಗೆ ದೇವರಿಗೊಂದು ಹೂ ಕೊಯ್ಯಬೇಕೆನಿಸುವುದು ಸಹಜ, ಅವರಿಗೆ ಮೊದಲೇ ತಿಳಿಸಿ. ಒಳ್ಳೆಯ ಚಿತ್ರಕ್ಕೆ ಹೂವಿನ ನಡುವೆ ನಿಲ್ಲಬೇಕಾಗಿಯೂ ಇಲ್ಲ. ಅವರು ದಾರಿಯ ಅಂಚಿನ ಬೋಳು ನೆಲದಲ್ಲಿ ಕುಳಿತಿರಲಿ. ನೀವು ಹತ್ತು ಹೆಜ್ಜೆ ಹಿಂದೆ ಸರಿದು, ಫೋನನ್ನು ಹೂವಿನ ಮಟ್ಟಕ್ಕೆ ಇಳಿಸಿ, ತುಸು ಜೂಮ್ ಮಾಡಿ ತೆಗೆಯಿರಿ. ಮುಂದಿನ ಹೂಗಳೂ ಹಿಂದಿನ ಹೂಗಳೂ ಒಂದಾಗಿ, ಅವರು ಹೂವಿನೊಳಗೇ ಕುಳಿತಂತೆ ಬರುತ್ತದೆ.

ಆರೋಗ್ಯದ ಬಗ್ಗೆ ಎರಡು ಮಾತು. ಸ್ಯಾನ್ ವಾಕೀನ್ ಕಣಿವೆ ಮತ್ತು ಅದರ ಪಶ್ಚಿಮದ ಗುಡ್ಡಗಳ ಮಣ್ಣಿನಲ್ಲಿ ‘ವ್ಯಾಲಿ ಜ್ವರ’ ತರುವ ಶಿಲೀಂಧ್ರವಿದೆ. ಧೂಳಿನೊಂದಿಗೆ ಉಸಿರಿನಲ್ಲಿ ಸೇರುತ್ತದೆ. ವಯಸ್ಸಾದವರಿಗೂ ಮಧುಮೇಹಿಗಳಿಗೂ ಅಪಾಯ ಹೆಚ್ಚಾದ್ದರಿಂದ ಮಣ್ಣುರಸ್ತೆಯಲ್ಲಿ ಕಾರಿನ ಕಿಟಕಿ ಮುಚ್ಚಿರಲಿ, ಗಾಳಿ ಜೋರಾಗಿದ್ದರೆ ಹೊರಗಿಳಿಯಬೇಡಿ. ಊರಿಗೆ ಮರಳಿದ ಮೇಲೆ ಹಲವು ವಾರ ಕೆಮ್ಮು ಜ್ವರ ಬಿಡದಿದ್ದರೆ, ಮೈಸೂರಿನ ವೈದ್ಯರಿಗೆ ಈ ಪ್ರಯಾಣದ ವಿಷಯ ಹೇಳಲೇಬೇಕು, ಏಕೆಂದರೆ ಅಲ್ಲಿ ಯಾರೂ ಇದನ್ನು ಶಂಕಿಸುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ರ‍್ಯಾಟಲ್ ಹಾವುಗಳು ಹೊರಬರುತ್ತವೆ, ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ. ಮಗಳಿಗೆ ಉದ್ದ ಕಾಲುಚೀಲ ಹಾಕಿ, ಸಂಜೆ ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿ.

ಇಷ್ಟೆಲ್ಲ ಆದ ಮೇಲೂ ಆ ವರ್ಷದ ಮಳೆ ಕೈಕೊಟ್ಟರೆ ಕರೀಝೊಗೆ ಹೋಗಬೇಡಿ. ಅಲ್ಲಿ ಒಣಹುಲ್ಲಷ್ಟೇ ಇರುತ್ತದೆ. ಆಗ ನಿಮ್ಮ ಹತ್ತಿರದಲ್ಲೇ, ರೆಡ್‌ವುಡ್ ಸಿಟಿಯ ಎಡ್ಜ್‌ವುಡ್ ಉದ್ಯಾನಕ್ಕೆ ಏಪ್ರಿಲ್ ಮೊದಲ ವಾರ ಹೋಗಿ. ಅಲ್ಲಿನ ನೆಲ ಸರ್ಪೆಂಟೈನ್ ಎಂಬ ಹಸಿರುಗಲ್ಲಿನಿಂದಾದದ್ದು. ಕ್ಯಾಲ್ಸಿಯಂ ಕಡಿಮೆ, ಮೆಗ್ನೀಸಿಯಂ ಮತ್ತು ನಿಕ್ಕಲ್ ಹೆಚ್ಚು, ಸಾರವೆಂಬುದು ಇಲ್ಲವೆನ್ನಬಹುದು. ಹೊರನಾಡಿನ ಹುಲ್ಲಿಗೆ ಅಲ್ಲಿ ಸುಲಭವಾಗಿ ಬದುಕಲಾಗದು, ಅಂಥ ನೆಲಕ್ಕೆ ಒಗ್ಗಿದ ಸ್ಥಳೀಯ ಹೂಗಿಡಗಳು ಬದುಕುತ್ತವೆ. ಹೆದ್ದಾರಿಯ ವಾಹನಗಳ ಹೊಗೆಯಲ್ಲಿರುವ ಸಾರಜನಕ ಗೊಬ್ಬರದಂತೆ ಬಿದ್ದು ಅಲ್ಲಿಗೂ ಹುಲ್ಲು ನುಗ್ಗತೊಡಗಿರುವುದರಿಂದ ಅದನ್ನು ಹದ್ದಿನಲ್ಲಿಡುವ ಕೆಲಸ ನಿರಂತರವಾಗಿ ನಡೆಯುತ್ತಿದೆ. ಮಳೆ ಕಡಿಮೆಯಾದ ವರ್ಷವೂ ಆ ಇಳಿಜಾರಿನಲ್ಲಿ ಒಂದಿಷ್ಟು ಹೂ ತಪ್ಪುವುದಿಲ್ಲ. ದ್ವಾರದ ಬಳಿಯಿಂದ ಹೂವಿನ ಇಳಿಜಾರಿಗೆ ಏರುದಾರಿಯಿರುವುದರಿಂದ ತಂದೆಯವರ ಊರುಗೋಲು ಮರೆಯಬೇಡಿ, ಬೆಳಿಗ್ಗೆ ಹತ್ತರ ನಂತರವೇ ಹೊರಡಿ.